ಬೀಗ ಹಾಕಿದ ಬೀರುವಿನ ಭಾಷಣ

ತೂಕ ಮತ್ತು ಅಳತೆ ಕಚೇರಿಯ ಆ ಗುಮಾಸ್ತನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಈಗ ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಯಾರು ಏನು ಕೇಳಿದರೂ, ಅವರು ಕೇಳಿ ಮುಗಿಸುವ ಮೊದಲೇ ‘ಗೊತ್ತು, ಗೊತ್ತು’ ಎನ್ನುವುದು ಅವನ ಅಭ್ಯಾಸ. ಹಾಗಾಗಿ ಕಚೇರಿಯವರೆಲ್ಲ ಅವನನ್ನು ಗೊತ್ತಪ್ಪ ಎಂದೇ ಕರೆಯುತ್ತಿದ್ದರು. ಕರೆಯುವವರು ಗೇಲಿ ಮಾಡುತ್ತಿದ್ದರು, ಕರೆಸಿಕೊಂಡವನು ಅದನ್ನು ಬಿರುದು ಎಂದುಕೊಂಡಿದ್ದ. ಇಬ್ಬರಿಗೂ ಸಂತೋಷವಾಗುವ ಹೆಸರು ಸಿಗುವುದು ಅಪರೂಪ.

ಇಂಥ ಗೊತ್ತಪ್ಪನಿಗೆ ಇದ್ದಕ್ಕಿದ್ದಂತೆ ವರ್ಗವಾಯಿತು. ಗಡಿಯಲ್ಲಿ ಲಾರಿ ತೂಗುವ ಕೇಂದ್ರಕ್ಕೆ. ಅಲ್ಲಿ ಒಂದು ದೊಡ್ಡ ತಕ್ಕಡಿ, ಒಂದು ಕೋಣೆ ಮತ್ತು ಧೂಳು, ಇಷ್ಟು ಬಿಟ್ಟರೆ ಏನೂ ಇಲ್ಲ ಎಂದು ಹೋಗಿ ಬಂದವರು ಹೇಳುತ್ತಿದ್ದರು. ಅವನ ಹೆಂಡತಿಗೋ, ಹನ್ನೊಂದು ವರ್ಷ ಅರ್ಜಿ ಹಾಕಿ ಹಾಕಿ, ಆರು ತಿಂಗಳ ಹಿಂದಷ್ಟೇ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು. ಈಗ ಅವಳು ಕೆಲಸ ಬಿಡಬೇಕು, ಇಲ್ಲವೇ ಗಂಡನನ್ನು ಒಬ್ಬನೇ ಲಾರಿಗಳ ನಡುವೆ ಬಿಡಬೇಕು. ಎರಡನ್ನೂ ನೆನೆದು ಗೊತ್ತಪ್ಪನಿಗೆ ಸಂಕಟವಾಗುತ್ತಿತ್ತು. ಮನೆಯಲ್ಲಿ ಮಾತ್ರ, “ಯಾರನ್ನ ಹಿಡೀಬೇಕು ಅಂತ ನಂಗೊತ್ತು, ನೀನು ತಲೆ ಕೆಡಿಸ್ಕೋಬೇಡ” ಎಂದುಬಿಟ್ಟಿದ್ದ.

ಹಿಡಿಯಬೇಕಾಗಿದ್ದದ್ದು ದೊಡ್ಡ ಸಾಹೇಬರನ್ನು. ಅವರು ಒಪ್ಪಿ ತಲೆಯಾಡಿಸಿದರೆ ವರ್ಗ ರದ್ದು. ಆದರೆ ಮುಂದಿನ ಶುಕ್ರವಾರ ಅವರೇ ನಿವೃತ್ತರಾಗುವವರಿದ್ದರು. ಗೊತ್ತಪ್ಪ ಅರ್ಜಿ ಹಿಡಿದು ಅವರ ಕೋಣೆಗೆ ಹೋದಾಗ, ಅವರು ಅರ್ಜಿಯನ್ನು ನೋಡದೆ ಅವನನ್ನೇ ನೋಡಿ, “ಬೀಳ್ಕೊಡುಗೆ ಚೆನ್ನಾಗಿ ಆಗ್ಲಿ, ಆಮೇಲೆ ನೋಡೋಣ” ಎಂದರು.

ಅಲ್ಲಿಗೆ ಬೀಳ್ಕೊಡುಗೆ ಗೊತ್ತಪ್ಪನ ಕೊರಳಿಗೆ ಬಿತ್ತು.

ಹಿಂದಿನ ವರ್ಷ ಇನ್ನೊಬ್ಬರ ಬೀಳ್ಕೊಡುಗೆಯಲ್ಲಿ ಲೆಕ್ಕಿಗರು ಧ್ವನಿವರ್ಧಕದ ವೈರಿಗೆ ಕಾಲು ತೊಡರಿಸಿಕೊಂಡು ಮುಖ್ಯ ಅತಿಥಿಯ ತೊಡೆಯ ಮೇಲೆ ಹೋಗಿ ಕೂತಿದ್ದರು. ಆದ್ದರಿಂದ ಈ ಸಲ ವೈರೇ ಇಲ್ಲದ್ದು ಬೇಕೆಂದು ಸಭೆಯಲ್ಲಿ ತೀರ್ಮಾನವಾಯಿತು. “ಅಂಥದ್ದು ಒಂದು ಸ್ಪೀಕರ್ ಬಂದಿದೆಯಂತೆ. ಕೈಯಲ್ಲೇ ಹಿಡ್ಕೊಂಡು ಹೋಗ್ಬಹುದಂತೆ. ಅದರ ಬಗ್ಗೆ ಯಾರಿಗಾದ್ರೂ...” ಎಂದು ಟೈಪಿಸ್ಟಮ್ಮ ಬಾಯಿ ತೆರೆಯುವಷ್ಟರಲ್ಲಿ ಗೊತ್ತಪ್ಪ, “ಗೊತ್ತು, ಗೊತ್ತು” ಎಂದಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನನ್ನು ‘ತಾಂತ್ರಿಕ ಸದಸ್ಯ’ ಎಂದು ನೇಮಿಸಿ ನಡಾವಳಿ ಬರೆದರು.

ಖರೀದಿಯ ನಮೂನೆಯಲ್ಲಿ ‘ವೈರಿನ ಉದ್ದ’ ಎಂಬ ಕಲಂ ಇತ್ತು. ಗೊತ್ತಪ್ಪ ಅಲ್ಲಿ ‘ಇಲ್ಲ’ ಎಂದು ಬರೆದ. ಲೆಕ್ಕಿಗರು ಕಾಗದವನ್ನು ಹಿಂದಕ್ಕೆ ತಳ್ಳಿದರು.

“ಏನ್ರೀ ಇದು? ಅಳತೆ ಕಚೇರೀಲಿ ಕೂತು ಅಳತೆ ಇಲ್ಲ ಅಂತ ಬರೆದ್ರೆ ನಾಳೆ ತಪಾಸಣೆಯವರು ಉಗೀತಾರೆ.”

“ಸರ್, ವೈರೇ ಇಲ್ವಲ್ಲ.”

“ಇಲ್ದೆ ಇರೋದು ಎಷ್ಟು ಉದ್ದ ಇಲ್ಲ ಅಂತ ಬರೀರಿ.”

ಗೊತ್ತಪ್ಪ ‘ಸೊನ್ನೆ ಮೀಟರು, ಸೊನ್ನೆ ಸೆಂಟಿಮೀಟರು’ ಎಂದು ಬರೆದ. ಕಾಗದ ಮುಂದಕ್ಕೆ ಹೋಯಿತು.

ಮಂಗಳವಾರ ಅವನು ಪೇಟೆಯ ದೊಡ್ಡ ವಿದ್ಯುತ್ ಸಾಮಾನಿನ ಅಂಗಡಿಗೆ ಹೋದ. ಕೊರಳಲ್ಲಿ ಇಲಾಖೆಯ ಗುರುತಿನ ಚೀಟಿ, ಕಂಕುಳಲ್ಲಿ ಕಚೇರಿಯ ತಕ್ಕಡಿ. ಸ್ಪೀಕರನ್ನು ಆರಿಸುವುದು ಹೇಗೆಂದು ಅವನು ಮೂರು ದಿನ ಯೋಚಿಸಿದ್ದ. ಇಪ್ಪತ್ತನಾಲ್ಕು ವರ್ಷದ ಅನುಭವದಲ್ಲಿ ಅವನು ಕಂಡುಕೊಂಡ ಸತ್ಯ ಒಂದೇ: ಒಳ್ಳೆಯ ವಸ್ತು ಭಾರ ಇರುತ್ತದೆ, ಮೋಸದ ವಸ್ತು ಹಗುರ ಇರುತ್ತದೆ.

ತಕ್ಕಡಿ ಹಿಡಿದು ತೂಕದ ಇಲಾಖೆಯವನು ಬರುತ್ತಿರುವುದನ್ನು ಎದುರಿನ ದಿನಸಿ ಅಂಗಡಿಯವನು ಮೊದಲು ನೋಡಿದ. ದಢಾರನೆ ಬಾಗಿಲು ಎಳೆದ. ಅದನ್ನು ಕಂಡು ಹಣ್ಣಿನವನು, ಹಣ್ಣಿನವನನ್ನು ಕಂಡು ಮೊಳೆ ಮಾರುವವನು. ಚಪ್ಪಲಿ ಅಂಗಡಿಯವನಿಗೆ ತೂಕಕ್ಕೂ ತನಗೂ ಏನು ಸಂಬಂಧ ಎಂದು ತಿಳಿಯಲಿಲ್ಲ. ಆದರೂ ಎಲ್ಲರೂ ಮುಚ್ಚುವಾಗ ತಾನೊಬ್ಬ ತೆರೆದಿಟ್ಟರೆ ಕಣ್ಣಿಗೆ ಬೀಳುತ್ತೇನೆಂದು ಅವನೂ ಮುಚ್ಚಿದ. ಇಡೀ ಬೀದಿ ಬಾಯಿ ಮುಚ್ಚಿಕೊಂಡಿತು. ತೆರೆದು ಉಳಿದದ್ದು ವಿದ್ಯುತ್ ಸಾಮಾನಿನ ಅಂಗಡಿ ಒಂದೇ, ಅದೂ ಅದರ ಬಾಗಿಲಲ್ಲಿ ಗೊತ್ತಪ್ಪ ನಿಂತಿದ್ದ ಕಾರಣಕ್ಕೆ.

“ಸ್ವಾಮಿ, ನಮ್ಮಲ್ಲಿ ತೂಕ ಮಾಡಿ ಮಾರೋ ಸಾಮಾನೇ ಇಲ್ಲ” ಎಂದ ಅಂಗಡಿಯವನು, ಬೆವರು ಒರೆಸಿಕೊಳ್ಳುತ್ತ.

“ಗೊತ್ತು. ವೈರಿಲ್ಲದ ಸ್ಪೀಕರ್ ಎಲ್ಲಾ ತೆಗೀರಿ.”

ಅಂಗಡಿಯವನು ಹದಿನಾಲ್ಕು ತೆಗೆದಿಟ್ಟ. ಗೊತ್ತಪ್ಪ ಒಂದೊಂದನ್ನೇ ತಕ್ಕಡಿಗೆ ಹಾಕಿ, ತೂಗಿ, ಬರೆದುಕೊಂಡ.

“ಸ್ವಾಮಿ, ಇದು ನೀರಲ್ಲಿ ಬಿದ್ರೂ ಹಾಡುತ್ತೆ” ಎಂದು ಅಂಗಡಿಯವನು ಧೈರ್ಯ ಮಾಡಿ ಒಂದನ್ನು ಮುಂದಿಟ್ಟ.

“ನೀರಲ್ಲಿ ಯಾರ್ರೀ ಕೇಳ್ತಾರೆ? ತೂಕ ಮುನ್ನೂರು ಗ್ರಾಂ. ಬೇಡ.”

“ಇದರಲ್ಲಿ ಧ್ವನಿ ತುಂಬಾ ಸ್ಪಷ್ಟ...”

“ನಾಲ್ಕು ನೂರ ಹತ್ತು. ಪೊಳ್ಳು.”

ಕೊನೆಗೆ ಮೂಲೆಯಲ್ಲಿದ್ದ ಒಂದು ಕರಿಯ ಡಬ್ಬ ನಾಲ್ಕು ಕಿಲೋ ಎರಡು ನೂರು ಗ್ರಾಂ ತೂಗಿತು. ಗೊತ್ತಪ್ಪನ ಮುಖ ಅರಳಿತು. ಅಂಗಡಿಯವನು ಮಾತ್ರ, “ಸ್ವಾಮಿ, ಅದು ಆಟದ ಮೈದಾನಕ್ಕೆ ಅಂತ ಮಾಡಿರೋದು. ಮೂವತ್ತು ಗಂಟೆ ಆರಲ್ಲ. ಗೋಡೆ ಆಚೆಯಿಂದ್ಲೂ ಫೋನ್ ಹಿಡ್ಕೊಳ್ಳುತ್ತೆ. ಒಂದು ಸಲ ಗುರುತು ಹಿಡಿದ ಫೋನನ್ನ ಬಿಡೋದೇ ಇಲ್ಲ” ಎಂದು ಎಚ್ಚರಿಸಿದ. ಗೊತ್ತಪ್ಪ, “ಗೊತ್ತು, ಗೊತ್ತು” ಎಂದು ಅದನ್ನೇ ಕಟ್ಟಿಸಿಕೊಂಡ.

ತೂಗಿ ತಂದದ್ದೇನೋ ಸರಿ, ಅದರಿಂದ ಮಾತಾಡಿಸುವುದು ಹೇಗೆ? ಪರೀಕ್ಷೆಯ ನೆಪದಲ್ಲಿ ಅದನ್ನು ಮನೆಗೆ ಒಯ್ದು ಒಂದು ಸಂಜೆಯೆಲ್ಲ ಅದರ ಮುಂದೆ ಕೂತ. ಗುಂಡಿ ಒತ್ತಿದ, ತಟ್ಟಿದ, ತಲೆಕೆಳಗು ಮಾಡಿದ. ನೀಲಿ ದೀಪ ಮಿಣಮಿಣ ಎಂದಿತೇ ಹೊರತು ಧ್ವನಿ ಬರಲಿಲ್ಲ. ಗೊತ್ತಪ್ಪ ಇಂಗು ತಿಂದ ಮಂಗನಂತೆ ಕೂತಿದ್ದನ್ನು ಕಂಡು ಹೆಂಡತಿ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಂಡು ಬಂದಳು. ಗುಂಡಿಯನ್ನು ಮೂರು ಎಣಿಸುವಷ್ಟು ಹೊತ್ತು ಒತ್ತಿ ಹಿಡಿದು, ತನ್ನ ಫೋನಿಗೆ ಜೋಡಿಸಿ ನೋಡಿದಳು. ಆಮೇಲೆ ಗಂಡನ ಫೋನಿಗೂ ಜೋಡಿಸಿಕೊಟ್ಟಳು.

“ನಾನೂ ಅದನ್ನೇ ಮಾಡೋನಿದ್ದೆ” ಎಂದ ಗೊತ್ತಪ್ಪ.

“ಗೊತ್ತು” ಎಂದಳು ಅವಳು.

ಗುರುವಾರ ಸಂಜೆ ಸ್ಪೀಕರನ್ನು ಉಗ್ರಾಣಿಗೆ ಒಪ್ಪಿಸಿದ. ಆರಿಸುವುದು ಹೇಗೆಂದು ತಿಳಿಯದೆ ನೀಲಿ ದೀಪ ಉರಿಯುತ್ತಿದ್ದಂತೆಯೇ ಕೊಟ್ಟ. ಉಗ್ರಾಣಿ ನಿಯಮದ ಮನುಷ್ಯ. ಅದನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗ ಹಾಕಿ, ಬೀಗಕ್ಕೆ ತಂತಿ ಸುತ್ತಿ, ತಂತಿಗೆ ಸೀಸದ ಮುದ್ರೆ ಒತ್ತಿದ. ಆ ಕಚೇರಿಯಲ್ಲಿ ಮುದ್ರೆ ಒತ್ತದ ವಸ್ತು ಎಂದರೆ ಮನುಷ್ಯರು ಮಾತ್ರ. ಆಮೇಲೆ ಉಗ್ರಾಣಿ ಹೆಂಡತಿಯ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಐದು ದಿನ ರಜೆ ಹಾಕಿ, ಬೀಗದಕೈಯನ್ನು ಜೇಬಿನಲ್ಲಿಟ್ಟುಕೊಂಡು ಬೇರೆ ಊರಿಗೆ ಹೋದ.

ಶುಕ್ರವಾರ ಬೆಳಿಗ್ಗೆ ಇದು ತಿಳಿದಾಗ ಸಭಾಂಗಣದಲ್ಲಿ ಕುರ್ಚಿ ಹಾಕಿಯಾಗಿತ್ತು.

“ಮುದ್ರೆ ಒಡೀರಿ” ಎಂದಳು ಟೈಪಿಸ್ಟಮ್ಮ.

“ಒಡೆಯೋಕೆ ಆದೇಶ ಬೇಕು” ಎಂದರು ಲೆಕ್ಕಿಗರು. “ಆದೇಶಕ್ಕೆ ಉಗ್ರಾಣಿ ಟಿಪ್ಪಣಿ ಬೇಕು. ಟಿಪ್ಪಣಿಗೆ ಉಗ್ರಾಣಿ ಬೇಕು. ವರ್ಷವಿಡೀ ಅಂಗಡಿಯವರಿಗೆ ಮುದ್ರೆ ಮುಟ್ಟಬೇಡಿ ಅಂತ ದಂಡ ಹಾಕೋರು ನಾವು. ನಾವೇ ಒಡೆದ್ರೆ?”

ಗೊತ್ತಪ್ಪನಿಗೆ ಕಣ್ಣಮುಂದೆ ಲಾರಿಗಳು ಸಾಲಾಗಿ ಬಂದವು. ಆ ಗಾಬರಿಯಲ್ಲಿ ಅವನ ತಲೆಗೆ, ಇಪ್ಪತ್ತನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ಒಂದು ಸರಿಯಾದ ವಿಚಾರ ಬಂತು.

“ಬೀರು ತೆಗೆಯೋದ್ಯಾಕೆ? ವೈರಿಲ್ವಲ್ಲ! ಬೀರೂನೇ ವೇದಿಕೆ ಮೇಲಿಡೋಣ. ಒಳಗಿಂದ್ಲೇ ಮಾತಾಡುತ್ತೆ.”

ಎಲ್ಲರೂ ಮುಖ ಮುಖ ನೋಡಿಕೊಂಡರು. ನಿಯಮಗಳ ಪುಸ್ತಕದಲ್ಲಿ ಬೀರುವನ್ನು ವೇದಿಕೆಗೆ ಏರಿಸಬಾರದೆಂದು ಎಲ್ಲೂ ಇರಲಿಲ್ಲ. ಇಬ್ಬರು ಜವಾನರು, ನಾಲ್ವರು ಗುಮಾಸ್ತರು, ಒಬ್ಬ ಇನ್‌ಸ್ಪೆಕ್ಟರು ಸೇರಿ ಬೀರುವನ್ನು ದಬ್ಬಿ, ಎತ್ತಿ, ದೊಡ್ಡ ಸಾಹೇಬರ ಕುರ್ಚಿಯ ಹಿಂದೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಗಾಳಿಗೆಂದು ಅದರ ಬಾಗಿಲಲ್ಲಿ ಕೊರೆದಿದ್ದ ಸೀಳುಗಳು ಸಭಿಕರತ್ತ ಮುಖ ಮಾಡಿದ್ದವು. ಟೈಪಿಸ್ಟಮ್ಮ ಅದಕ್ಕೊಂದು ಹೂವಿನ ಹಾರ ಹಾಕಿದಳು. ಹೊಸಬರು ಯಾರಾದರೂ ಬಂದಿದ್ದರೆ ನಿವೃತ್ತಿ ಬೀರುವಿಗೆ ಎಂದುಕೊಳ್ಳುತ್ತಿದ್ದರು.

ಆ ಗೋಡೆಯ ಆಚೆಗೆ ನೌಕರರ ವಸತಿಗೃಹ. ಗೋಡೆಗೆ ಅಂಟಿಕೊಂಡಿದ್ದದ್ದು ಗೊತ್ತಪ್ಪನದೇ ಅಡುಗೆಮನೆ. ಗ್ರಂಥಾಲಯಕ್ಕೆ ಶುಕ್ರವಾರ ವಾರದ ರಜೆ. ಇದೆಲ್ಲ ಗೊತ್ತಪ್ಪನಿಗೆ ಗೊತ್ತಿತ್ತು, ಒಟ್ಟಿಗೆ ಸೇರಿಸಿ ಮಾತ್ರ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ನಂತರ ಸಮಾರಂಭ ಶುರುವಾಯಿತು. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಪಕ್ಕದಲ್ಲಿ ಅವರ ಜಾಗಕ್ಕೆ ಬಂದಿದ್ದ ಹೊಸ ಸಾಹೇಬರು. ಗೊತ್ತಪ್ಪ ತಾನೇ ಬರೆದು, ತನ್ನ ಧ್ವನಿಯಲ್ಲೇ ಫೋನಿನಲ್ಲಿ ತುಂಬಿಸಿಟ್ಟಿದ್ದ ‘ಸೇವಾ ಚರಿತ್ರೆ’ಯನ್ನು ಹಾಕಿದ. ಬೀರು ಗಂಟಲು ಸರಿಪಡಿಸಿಕೊಂಡು ಗುಡುಗಿತು: “ಹುಟ್ಟಿದಾಗಲೇ ನಮ್ಮ ದೊಡ್ಡ ಸಾಹೇಬರ ತೂಕ ಸರಿಯಾಗಿತ್ತು...”

ಚಪ್ಪಾಳೆಯೋ ಚಪ್ಪಾಳೆ. ದೊಡ್ಡ ಸಾಹೇಬರು ಕಣ್ಣು ಮುಚ್ಚಿ ತಲೆದೂಗಿದರು. ಗೊತ್ತಪ್ಪ ಒಳಜೇಬಿನಲ್ಲಿದ್ದ ರದ್ದತಿಯ ಕಾಗದವನ್ನು ಮುಟ್ಟಿ ನೋಡಿಕೊಂಡ. ಸಾಹೇಬರ ಜೀವನ ಅವರ ಮೂವತ್ತನೇ ವಯಸ್ಸಿಗೆ ಬಂದಿತ್ತು, ಅಷ್ಟರಲ್ಲಿ ಗೊತ್ತಪ್ಪನ ಫೋನು ಪ್ರಾಣ ಬಿಟ್ಟಿತು. ಹಿಂದಿನ ದಿನ ಭಾಷಣವನ್ನು ಇಪ್ಪತ್ತೆರಡು ಸಲ ಕೇಳಿ ಆನಂದಪಟ್ಟಿದ್ದ, ಚಾರ್ಜಿಗೆ ಹಾಕಲು ಮರೆತಿದ್ದ.

ಬೀರು ‘ಟುಣ್’ ಎಂದಿತು. ಎರಡು ಕ್ಷಣ ಮೌನ. ಮತ್ತೆ ‘ಟುಣ್’ ಎಂದಿತು. ಅದಕ್ಕೆ ಇನ್ನೊಂದು ಪರಿಚಯದ ಫೋನು ಸಿಕ್ಕಿತ್ತು.

ಇಲ್ಲಿ ಒಂದು ಮಾತು ಹೇಳಬೇಕು. ಗೊತ್ತಪ್ಪನ ಹೆಂಡತಿಯ ತಂಗಿ ಆಸ್ಪತ್ರೆಯಲ್ಲಿ ನರ್ಸು. ಪಾಳಿಯ ಕೆಲಸ, ಫೋನು ಎತ್ತಲು ಪುರುಸೊತ್ತಿಲ್ಲ. ಹಾಗಾಗಿ ಅಕ್ಕ ತನ್ನ ಮಾತನ್ನೆಲ್ಲ ಫೋನಿನಲ್ಲಿ ರೆಕಾರ್ಡು ಮಾಡಿ ಕಳಿಸುತ್ತಿದ್ದಳು. ಕಳಿಸಿದ ಮೇಲೆ ತಾನೇ ಒಂದು ಸಲ ಹಾಕಿ ಕೇಳುವುದು ಅವಳ ರೂಢಿ. ತನ್ನ ಮಾತು ತನಗೇ ರುಚಿಸುವುದು ಆ ಮನೆಯಲ್ಲಿ ಇಬ್ಬರಿಗೂ ಇದ್ದ ಗುಣ.

“ಕೇಳೇ ಇಲ್ಲಿ” ಎಂದಿತು ಬೀರು, ಹೆಂಗಸಿನ ಧ್ವನಿಯಲ್ಲಿ. “ಇವರ ಆಫೀಸಿನ ಲೆಕ್ಕಿಗರು ಇದ್ದಾರಲ್ಲ, ಭಾನುವಾರ ತಲೆಗೆ ಬಣ್ಣ ಬಳ್ಕೋತಾರಂತೆ. ಸೋಮವಾರ ಎರಡೂ ಕಿವಿ ಕರ್ರಗಿರುತ್ತಂತೆ. ಇವರು ಹೇಳಿ ಹೇಳಿ ನಗ್ತಿದ್ರು.”

ಸಭೆಯ ನೂರು ಕಣ್ಣುಗಳು ಲೆಕ್ಕಿಗರ ಕಿವಿಯ ಕಡೆ ತಿರುಗಿದವು. ಲೆಕ್ಕಿಗರು ಎರಡೂ ಕಿವಿ ಮುಚ್ಚಿಕೊಂಡು, “ನಿಲ್ಸಿ! ಯಾರ್ರೀ ಅದು? ನಿಲ್ಸಿ ಅದನ್ನ!” ಎಂದು ಕೂಗಿದರು.

“ಹೇಗೆ ನಿಲ್ಸೋದು ಸರ್, ಮುದ್ರೆ ಇದೆ” ಎಂದಳು ಟೈಪಿಸ್ಟಮ್ಮ ನಗು ತಡೆಯಲಾಗದೆ. “ಇರ್ಲಿ ಬಿಡಿ, ಎಷ್ಟು ಸ್ಪಷ್ಟವಾಗಿ ಕೇಳ್ತಿದೆ.”

ಗೋಡೆಯ ಆಚೆಗೆ, ಹೊಗೆ ಎಳೆಯುವ ಫ್ಯಾನಿನ ಗದ್ದಲದಲ್ಲಿ, ಗೊತ್ತಪ್ಪನ ಹೆಂಡತಿ ಫೋನನ್ನು ಕಿವಿಗೆ ಹಿಡಿದಳು. ಧ್ವನಿಯೇ ಇಲ್ಲ. ಕಡಿಮೆ ಇರಬಹುದೆಂದು ಧ್ವನಿಯನ್ನು ಎರಡು ಮೆಟ್ಟಿಲು ಏರಿಸಿ ಮೊದಲಿನಿಂದ ಹಾಕಿದಳು.

“ಕೇಳೇ ಇಲ್ಲಿ! ಇವರ ಆಫೀಸಿನ ಲೆಕ್ಕಿಗರು ಇದ್ದಾರಲ್ಲ...” ಎಂದು ಬೀರು ಮತ್ತೆ ಕಿರುಚಿತು. ಈ ಸಲ ಕಿಟಕಿಯ ಗಾಜು ನಡುಗಿತು.

ಗೊತ್ತಪ್ಪ ಹೆಂಡತಿಯನ್ನು ಎಚ್ಚರಿಸಲು ಗೋಡೆಗೆ ದಬದಬ ಗುದ್ದಿದ. ಆಚೆ ಅವಳು ಈ ರೆಕಾರ್ಡು ಕೆಟ್ಟಿದೆಯೇನೋ ಎಂದು ಹಿಂದಿನ ದಿನದ್ದನ್ನು ಹಾಕಿ ನೋಡುತ್ತಿದ್ದಳು.

“ಟೈಪಿಸ್ಟಮ್ಮ ಭಾರೀ ಜಾಣೆಯಂತೆ ಕಣೇ. ಪ್ರತಿ ಪತ್ರದಲ್ಲೂ ಬೇಕಂತ್ಲೇ ಒಂದು ತಪ್ಪು ಬಿಡ್ತಾರಂತೆ. ಅದು ವಾಪಸ್ ಬರುತ್ತೆ, ತಿದ್ತಾರೆ, ಮತ್ತೆ ಹೋಗುತ್ತೆ. ಒಂದು ಪತ್ರದಲ್ಲಿ ಒಂದು ವಾರ ಕಳೀತಾರಂತೆ.”

ಟೈಪಿಸ್ಟಮ್ಮನ ನಗು ನಿಂತಿತು. ಲೆಕ್ಕಿಗರು ಕಿವಿಯಿಂದ ಕೈ ತೆಗೆದು, “ನಿಜಕ್ಕೂ ತುಂಬಾ ಸ್ಪಷ್ಟವಾಗಿದೆ” ಎಂದರು.

ಗೊತ್ತಪ್ಪ ಮನೆಗೆ ಓಡಿಹೋಗಲು ವೇದಿಕೆಯಿಂದ ಧುಮುಕಿದ. “ಯಾರೂ ಕದಲಬಾರದು!” ಎಂದರು ದೊಡ್ಡ ಸಾಹೇಬರು. ಅವರಿಗೆ ಮೂವತ್ತೈದು ವರ್ಷದ ಸೇವೆಯಲ್ಲಿ ಕಚೇರಿಯ ವಿಷಯ ಇಷ್ಟು ರಸವತ್ತಾಗಿ ಯಾರೂ ವರದಿ ಮಾಡಿರಲಿಲ್ಲ. ಮುಂದಿನದು ತಮ್ಮದೇ ಸರದಿ ಎಂದು ಪಾಪ ಅವರಿಗೇನು ಗೊತ್ತು!

“ದೊಡ್ಡ ಸಾಹೇಬರು ಮಾತ್ರ ಪಾಪದವರಂತೆ” ಎಂದಿತು ಬೀರು, ಮೆಟ್ಟಿಲು ಪೂರ್ತಿ ಏರಿದ ಧ್ವನಿಯಲ್ಲಿ. “ಮಧ್ಯಾಹ್ನ ಊಟ ಆದ್ಮೇಲೆ ಕೂತಲ್ಲೇ ನಿದ್ದೆ. ನಿದ್ದೇಲಿ ತಲೆ ಹೀಗೆ ಹೀಗೆ ಆಡುತ್ತಂತೆ. ಅದನ್ನೇ ಕಾಯ್ಕೊಂಡು ಜನ ಫೈಲು ಮುಂದಿಡ್ತಾರಂತೆ. ತಲೆ ಆಡಿದ್ರೆ ‘ಸಾಹೇಬರು ಒಪ್ಪಿದರು’ ಅಂತ ಬರ್ಕೊಳ್ಳೋದು. ಇವರ ವರ್ಗ ಆಗಿದ್ದೂ ಹಾಗೇ. ನಮ್ಮ ಮನೆ ಮೇಲೆ ಲೆಕ್ಕಿಗರಿಗೆ ಕಣ್ಣಿತ್ತು ನೋಡು.”

ಹೊಸ ಸಾಹೇಬರು ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು. ದೊಡ್ಡ ಸಾಹೇಬರು ಲೆಕ್ಕಿಗರ ಕಡೆ ತಿರುಗಿದರು.

“ಇವನ ವರ್ಗ ನಾನು ಯಾವಾಗ್ರೀ ಮಾಡಿದೆ?”

“ಸರ್... ಮಧ್ಯಾಹ್ನ ಎರಡೂವರೆಗೆ, ಸರ್” ಎಂದರು ಲೆಕ್ಕಿಗರು ನೆಲ ನೋಡುತ್ತ.

ಗೊತ್ತಪ್ಪ ಕೆಳಗೆ, ಮೊದಲ ಸಾಲಿನ ಮುಂದೆ, ಬಲಿಗೆ ನಿಂತವನಂತೆ ನಿಂತಿದ್ದ. ಬೀರು ಇನ್ನೂ ಮುಗಿಸಿರಲಿಲ್ಲ. ಅವನ ಹೆಂಡತಿ ಕೊನೆಯದಾಗಿ, ಎರಡು ದಿನ ಹಿಂದಿನ ಒಂದು ಮಾತನ್ನು ಹಾಕಿ ನೋಡಿದಳು. ಈ ಸಲ ಬೀರುವಿನ ಧ್ವನಿಯಲ್ಲಿ ನಗು ಇರಲಿಲ್ಲ.

“ಇವರಿಗೆ ಏನೂ ಗೊತ್ತಿಲ್ಲ ಕಣೇ. ಆ ಸ್ಪೀಕರ್ ಜೋಡಿಸಿದ್ದೂ ನಾನೇ. ವರ್ಗ ಆದಾಗಿಂದ ಸರಿಯಾಗಿ ಎರಡು ತುತ್ತು ಉಂಡಿಲ್ಲ. ನನ್ನ ಕೆಲಸ ಹೋಗುತ್ತಲ್ಲ ಅನ್ನೋದೇ ಸಂಕಟ ಅವರಿಗೆ. ನನ್ನ ಮುಂದೆ ಮಾತ್ರ ‘ನಂಗೊತ್ತು ಬಿಡು’ ಅಂತಾರೆ. ಒಂದೇ ಒಂದು ಸಲ ‘ಏನು ಮಾಡ್ಬೇಕೋ ಗೊತ್ತಿಲ್ಲ’ ಅಂದಿದ್ರೆ, ಇಬ್ರೂ ಕೂತು ಅತ್ತಾದ್ರೂ ಹಗುರ ಆಗ್ತಿದ್ವಿ.”

ಬೀರು ಸುಮ್ಮನಾಯಿತು. ಆ ಕಡೆ ಅವಳು ಫೋನು ಹಾಳಾಯಿತೆಂದು ಮೂಲೆಗೆ ಇಟ್ಟಿದ್ದಳು. ಗೊತ್ತಪ್ಪನ ಕಣ್ಣಲ್ಲಿ ನೀರು ಬಂತು. ಹಿಂದಿನ ಸಾಲಿನಲ್ಲಿ ಒಬ್ಬ ಜವಾನ ಮೂಗು ಸೀಟಿಕೊಂಡ. ಟೈಪಿಸ್ಟಮ್ಮ ಸೆರಗಿನ ತುದಿಯನ್ನು ಕಣ್ಣಿಗೆ ಒತ್ತಿಕೊಂಡಳು.

ದೊಡ್ಡ ಸಾಹೇಬರು ಎದ್ದರು. ನಿದ್ದೆ ಮಾಡಿದ್ದೆ ಎಂದು ಒಪ್ಪಿಕೊಂಡರೆ ಮೂವತ್ತೈದು ವರ್ಷದ ಆದೇಶಗಳೆಲ್ಲ ಬಿದ್ದುಹೋಗುತ್ತವೆ. ಮಾಡಲಿಲ್ಲ ಎನ್ನಲು ಮುಖವಿಲ್ಲ. ಅವರು ಬೀರುವಿನ ಹತ್ತಿರ ಹೋಗಿ, ಬಗ್ಗಿ, ಸೀಸದ ಮುದ್ರೆಯನ್ನು ಬೆರಳಿನಿಂದ ತಡವಿ ನೋಡಿದರು.

“ಬೀಗ ಇದೆ. ಮುದ್ರೆ ಒಡೆದಿಲ್ಲ. ಒಳಗಿನ ಸಾಮಾನು ಇನ್ನೂ ಯಾರಿಗೂ ವಿತರಣೆ ಆಗಿಲ್ಲ. ವಿತರಣೆ ಆಗದ ಸಾಮಾನು ಉಪಯೋಗ ಆಗೋಕೆ ಸಾಧ್ಯವಿಲ್ಲ. ಆದ್ದರಿಂದ ಇಲ್ಲಿ ಯಾರೂ ಏನೂ ಮಾತಾಡಿಲ್ಲ. ನಡಾವಳೀಲಿ ಹಾಗೇ ಬರೀರಿ.”

ಸಭೆ ನಿಟ್ಟುಸಿರು ಬಿಟ್ಟಿತು. ಎಲ್ಲಕ್ಕಿಂತ ದೊಡ್ಡ ನಿಟ್ಟುಸಿರು ಲೆಕ್ಕಿಗರದು. ಆದರೆ ದೊಡ್ಡ ಸಾಹೇಬರು ಮತ್ತೆ ಕುರ್ಚಿಯಲ್ಲಿ ಕೂತು ಗಡಿಯಾರ ನೋಡಿದರು.

“ಎರಡೂವರೆ ಆಯ್ತು” ಎಂದರು. “ಏನಾದ್ರೂ ಕಾಗದ ಇದ್ರೆ ಮುಂದಿಡ್ರಪ್ಪ.”

ಗೊತ್ತಪ್ಪ ವೇದಿಕೆ ಹತ್ತಿ ರದ್ದತಿಯ ಕಾಗದವನ್ನು ಅವರ ಮುಂದಿಟ್ಟ. ದೊಡ್ಡ ಸಾಹೇಬರು ಕಣ್ಣು ಮುಚ್ಚಿದರು. ತಲೆ ನಿಧಾನವಾಗಿ ಎದೆಯ ಕಡೆ ಬಾಗಿತು. ಒಂದು ಸಲ, ಎರಡು ಸಲ, ಮೂರು ಸಲ ಆಡಿತು. ಲೆಕ್ಕಿಗರು ಬೇರೆ ದಾರಿ ಕಾಣದೆ ‘ಸಾಹೇಬರು ಒಪ್ಪಿದರು’ ಎಂದು ತಮ್ಮ ಕೈಯಾರೆ ಬರೆದರು. ಆ ಕುರ್ಚಿಯಲ್ಲಿ ಕೂತು ಊಟದ ನಂತರ ದೊಡ್ಡ ಸಾಹೇಬರು ಎಚ್ಚರವಾಗಿದ್ದದ್ದು ಅದೊಂದೇ ದಿನ.

ಗೊತ್ತಪ್ಪ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ವರ್ಗ ರದ್ದಾದದ್ದನ್ನು ಕೇಳಿ ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಣ್ಣೊರೆಸಿಕೊಂಡು ಕೇಳಿದಳು:

“ಕಾರ್ಯಕ್ರಮ ಚೆನ್ನಾಗಾಯ್ತಾ? ಗೋಡೆ ದಬದಬ ಅಂತಿತ್ತು, ಚಪ್ಪಾಳೆ ಅಂದ್ಕೊಂಡೆ. ಯಾರು ಚೆನ್ನಾಗಿ ಮಾತಾಡಿದ್ರು?”

“ಒಬ್ಬರು ಮಾತಾಡಿದ್ರು. ಜವಾನನೂ ಅತ್ತುಬಿಟ್ಟ.”

“ನಾನೂ ಬಂದು ಕೇಳ್ಬೇಕಿತ್ತು” ಎಂದು ಅವಳು ಪೇಚಾಡಿದಳು. ಆಮೇಲೆ ಫೋನು ತಂದು ಮುಂದೆ ಹಿಡಿದಳು. “ಇದಕ್ಕೇನೋ ಆಗಿದೆ. ಮಧ್ಯಾಹ್ನದಿಂದ ಧ್ವನಿನೇ ಇಲ್ಲ. ಪೂರ್ತಿ ಏರಿಸಿದೆ, ಹಳೇದೆಲ್ಲ ಹಾಕಿ ನೋಡಿದೆ. ಏನಾಗಿರಬಹುದು?”

ಜೀವಮಾನದಲ್ಲಿ ಮೊದಲ ಬಾರಿಗೆ ಗೊತ್ತಪ್ಪನಿಗೆ ಒಂದು ಪ್ರಶ್ನೆಯ ಉತ್ತರ ನಿಜವಾಗಿಯೂ ಗೊತ್ತಿತ್ತು. ಅವನು ಫೋನನ್ನು ನೋಡಿದ, ಅವಳ ಮುಖವನ್ನು ನೋಡಿದ.

“ಗೊತ್ತಿಲ್ಲ ಕಣೇ” ಎಂದ.

ಅವಳು ಬೆಚ್ಚಿ ಅವನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ. ಅವನ ಪಕ್ಕದಲ್ಲೇ ಕೂತು, “ಇದನ್ನ ಮೊದಲು ತಂಗಿಗೆ ಹೇಳ್ಬೇಕು. ಹಾಳಾದ್ರೂ ಪರವಾಗಿಲ್ಲ, ರೆಕಾರ್ಡ್ ಮಾಡಿ ಕಳಿಸ್ತೀನಿ. ಆಮೇಲೆ ಒಂದು ಸಲ ಹಾಕಿ ನೋಡ್ತೀನಿ” ಎಂದಳು.

ಉಗ್ರಾಣಿ ಬರಲು ಇನ್ನೂ ನಾಲ್ಕು ದಿನ ಇತ್ತು. ಬೀರು ವೇದಿಕೆಯ ಮೇಲೆಯೇ ಇತ್ತು. ಅಧಿಕಾರ ವಹಿಸಿಕೊಂಡ ಹೊಸ ಸಾಹೇಬರು ಒಪ್ಪಿಸಿದ ಕಡತಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಬೀರುವಿನ ಮುಂದೆ ಕುರ್ಚಿ ಹಾಕಿಸಿಕೊಂಡು, ಪುಟ್ಟ ಪುಸ್ತಕ ತೆರೆದು ಕೂತಿದ್ದನ್ನು ಗೊತ್ತಪ್ಪ ಬರುವಾಗ ಕಣ್ಣಾರೆ ಕಂಡಿದ್ದ.

“ಕಳಿಸು, ಕಳಿಸು” ಎಂದ ಅವನು, ಗೋಡೆಯ ಕಡೆ ನೋಡುತ್ತ. “ಹೊಸ ಸಾಹೇಬರು ಬಹಳ ಒಳ್ಳೆಯವರಂತೆ ಅಂತಾನೂ ಸೇರಿಸು.”